ಬೂದು ಬಣ್ಣದ ಸಾಲು

ಸೋಮವಾರ, ಮಾರ್ಚ್ 3

ಸುತ್ತೋಲೆ ಬಂತು. ಎರಡು ತಿಂಗಳೊಳಗೆ ಎಲ್ಲ ಸರ್ಕಾರಿ ಕಚೇರಿಗಳೂ ಹೊರದೇಶದ ಕಂಪನಿಯ ತಂತ್ರಾಂಶ ಬಿಟ್ಟು, ನಮ್ಮ ದೇಶದವರೇ ಮಾಡಿರುವ ಮುಕ್ತ ತಂತ್ರಾಂಶಕ್ಕೆ ಬದಲಾಗಬೇಕಂತೆ. ಕಾರಣಗಳು ಮೂರು ಪುಟ ಇವೆ. ಹೊರಗಿನವರು ಒಂದು ದಿನ ಬಾಗಿಲು ಹಾಕಿಕೊಂಡರೆ ನಮ್ಮ ಕಡತಗಳೆಲ್ಲ ಅವರ ಮನೆಯೊಳಗೇ ಉಳಿದುಬಿಡುತ್ತವೆ ಎಂಬುದು ಸಾರಾಂಶ. ಮಾತು ಸರಿಯಾಗಿಯೇ ಇದೆ. ಸರಿಯಾದ ಮಾತಿಗೆ ಮೂರು ಪುಟ ಏಕೆ ಬೇಕಾಯಿತೋ ಗೊತ್ತಿಲ್ಲ.

ನನ್ನ ನಿವೃತ್ತಿಗೆ ಉಳಿದಿರುವುದು ಏಳು ತಿಂಗಳು. ನರ್ಸ್‌ಗಳ ವರ್ಗಾವಣೆ ವಿಭಾಗದ ಮೇಲ್ವಿಚಾರಕನೆಂದು ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ ಸವೆಸಿದವನು ಈಗ ಹೊಸದಾಗಿ ಅ ಆ ಇ ಈ ತಿದ್ದಬೇಕು. ಅಕ್ಕನ ಹತ್ತಿರ ಗೊಣಗಿದೆ.

"ಮೂವತ್ತು ವರ್ಷ ಪಾಠ ಹೇಳಿದೀನಿ ಕಣೋ. ಕಲಿಯಲ್ಲ ಅನ್ನೋನು ಯಾವಾಗ್ಲೂ ಹಿಂದಿನ ಬೆಂಚಲ್ಲೇ ಕೂತಿರ್ತಾನೆ. ನೀನು ಮುಂದೆ ಬಂದು ಕೂತ್ಕೋ," ಎಂದಳು.

ಭಾವ ಹೋದ ಮೇಲೆ, ಹನ್ನೊಂದು ವರ್ಷದಿಂದ, ಈ ಮನೆಯಲ್ಲಿ ಎರಡೇ ತಟ್ಟೆ. ಮದುವೆಯಾಗದ ತಮ್ಮನಿಗೆ ಪಾಠ ಹೇಳಲು ಅವಳಿಗೆ ನೆಪವೇ ಬೇಕಿಲ್ಲ.

ಗುರುವಾರ, ಮಾರ್ಚ್ 6

ಹೊಸ ತಂತ್ರಾಂಶದ ಇಂಜಿನಿಯರ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಎರಡು ಕನ್ನಡಕ: ಒಂದು ಮೂಗಿನ ಮೇಲೆ, ಒಂದು ನೆತ್ತಿಯ ಮೇಲೆ. ಏನು ಹೇಳಿದರೂ "ಯಾಕೆ?" ಎನ್ನುತ್ತಾರೆ. ಮಧ್ಯಾಹ್ನದೊಳಗೆ ಪಕ್ಕದ ಮೇಜಿನ ಟೈಪಿಸ್ಟ್ ಅವರಿಗೆ ಯಾಕಮ್ಮ ಎಂದು ಹೆಸರಿಟ್ಟಾಗಿತ್ತು.

ಅವರಿಗೆ ನನ್ನ ಪಟ್ಟಿ ತೋರಿಸಿದೆ. ಸಾವಿರದ ಇನ್ನೂರು ನರ್ಸ್‌ಗಳು, ಒಬ್ಬರಿಗೆ ಒಂದು ಸಾಲು. ದೂರದ ಜಾಗದಲ್ಲಿ ಮೂರು ವರ್ಷ ಪೂರೈಸಿದವರಿಗೆ ಕೇಳಿದ ಕಡೆ ವರ್ಗ ಎನ್ನುತ್ತದೆ ನಿಯಮ. ನಿಯಮಕ್ಕೆ ವರ್ಷ ಗೊತ್ತು, ಮನೆ ಗೊತ್ತಿಲ್ಲ. ಮನೆ ಗೊತ್ತಿರುವುದು ನನ್ನ ಬಣ್ಣಗಳಿಗೆ. ಹಳದಿ ತುಂಬಿದ ಸಾಲು ಎಂದರೆ ಎಳೆ ಮಗು ಇದೆ, ದೂರ ಕಳಿಸಬಾರದು. ಹಸಿರು, ಗಂಡ ಹೆಂಡತಿ ಒಂದೇ ಊರಲ್ಲಿರಲಿ. ನೀಲಿ, ಮನೆಯಲ್ಲಿ ಕಾಯಿಲೆಯವರಿದ್ದಾರೆ. ಹೀಗೆ ಆರು ಬಣ್ಣ. ಪ್ರತಿ ವರ್ಷ ಹಿಂದಿನ ಪಟ್ಟಿಯನ್ನೇ ನಕಲು ಮಾಡಿಕೊಂಡು, ಬಣ್ಣವಿಲ್ಲದವರನ್ನು ಮೊದಲು ತೆಗೆದು, ಆಮೇಲೆ ಒಂದೊಂದೇ ಬಣ್ಣವನ್ನು ಆರಿಸಿ ತೀರ್ಮಾನ ಮಾಡುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬ ನಿರ್ದೇಶಕರೂ ಇದನ್ನು ಪ್ರಶ್ನಿಸಿಲ್ಲ.

"ಈ ಬಣ್ಣಗಳ ಅರ್ಥ ಎಲ್ಲಿ ಬರೆದಿದೆ ಸಾರ್?"

ನಾನು ನನ್ನ ಹಣೆ ಮುಟ್ಟಿ ತೋರಿಸಿದೆ. ಅವರು ನಗಲಿಲ್ಲ.

"ಹೊಸದ್ರಲ್ಲಿ ಹಾಗಾಗಲ್ಲ. ತೀರ್ಮಾನ ಏನು, ಯಾಕೆ ಅಂತ ಮಾತಲ್ಲಿ ಬರೀಬೇಕು. ಬರೆದ ನಿಯಮನ ಯಾರು ಬೇಕಾದ್ರೂ ಓದ್ಬಹುದು."

"ಯಾರು ಬೇಕಾದ್ರೂ ಅಂದ್ರೆ?"

"ಯಾರು ಬೇಕಾದ್ರೂ. ಆ ನರ್ಸ್‌ಗಳೂ ಸಹ."

"ಅದ್ಯಾಕೆ?"

"ಯಾಕೆ ಬೇಡ ಸಾರ್?"

ಟೈಪಿಸ್ಟ್ ಹೆಸರು ಸರಿಯಾಗಿಯೇ ಇಟ್ಟಿದ್ದಾನೆ.

ಸೋಮವಾರ, ಮಾರ್ಚ್ 10

ತರಬೇತಿ. ಉಳಿಸುವ ಗುಂಡಿ ಇದ್ದ ಜಾಗದಲ್ಲಿ ಈಗ ಅಳಿಸುವ ಗುಂಡಿ ಇದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಹಾಗೆ ಕೈ ಒಂದು ಕಡೆ, ಯಂತ್ರ ಒಂದು ಕಡೆ. ಟೈಪಿಸ್ಟ್ ಒಂದು ಜ್ಞಾಪನಪತ್ರವನ್ನು ಮೂರು ಸಲ ಕಳೆದುಕೊಂಡ. ಅದನ್ನು ಓದುವವರೂ ಇರಲಿಲ್ಲವಾದ್ದರಿಂದ ನಷ್ಟವೇನಿಲ್ಲ.

ಶನಿವಾರ, ಮಾರ್ಚ್ 15

ಅಕ್ಕ ಗೆಳತಿಯ ಮನೆಗೆ ಹೋಗಿ ಎರಡು ದಿನವಾಯಿತು. ಬೆಳಿಗ್ಗೆ ಚಹಾಕ್ಕೆ ಉಪ್ಪು ಹಾಕಿಕೊಂಡೆ. ಅಡುಗೆಮನೆಯ ಯಾವ ಡಬ್ಬದ ಮೇಲೂ ಏನೂ ಬರೆದಿಲ್ಲ. ಫೋನ್ ಮಾಡಿದರೆ, "ನೀಲಿ ಮುಚ್ಚಳದ್ದು ಸಕ್ಕರೆ ಅಲ್ವೇನೋ, ಅದನ್ನೂ ಹೇಳ್ಬೇಕಾ?" ಎಂದಳು. ತನಗೊಬ್ಬಳಿಗೆ ಗೊತ್ತಿದ್ದರೆ ಜಗತ್ತಿಗೆಲ್ಲ ಗೊತ್ತಿದೆ ಎಂದುಕೊಳ್ಳುವುದು ಇವಳ ಹಳೆಯ ದುರಭ್ಯಾಸ. ಈ ವಯಸ್ಸಿನಲ್ಲಿ ತಿದ್ದಲಾಗುವುದಿಲ್ಲ.

ಬುಧವಾರ, ಮಾರ್ಚ್ 19

ಹೊಸ ತಂತ್ರಾಂಶ ತನ್ನ ಪಾಡಿಗೆ ತಾನು ವರ್ಷಗಳನ್ನು ಎಣಿಸಿ ಈ ಸಲದ ವರ್ಗಾವಣೆ ಪಟ್ಟಿಯನ್ನು ತೆಗೆಯಿತು. ನನ್ನದರ ಪಕ್ಕದಲ್ಲಿಟ್ಟು ನೋಡಿದರೆ ಅರವತ್ತಮೂರು ಕಡೆ ವ್ಯತ್ಯಾಸ. ಯಾಕಮ್ಮ ಒಂದೊಂದಕ್ಕೂ ಯಾಕೆ ಎಂದರು. ನಾನು ಹೇಳುತ್ತ ಹೋದೆ: ಇವರ ಮಗುವಿಗೆ ಎಂಟು ತಿಂಗಳು, ಇವರ ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ, ಇವರ ಮಾವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಯಾವ ಕಡತವನ್ನೂ ತೆರೆಯಲಿಲ್ಲ. ಯಾಕಮ್ಮ ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಕೆಂಪು ಬಣ್ಣದ ಹತ್ತಿರ ಮಾತ್ರ ತಡವರಿಸಿದೆ. ಕೆಂಪು ಎಂದರೆ ಮೇಲಿನಿಂದ ಫೋನ್ ಬಂದವರು. ಐವರಿದ್ದಾರೆ. "ಹಾಗೇ ಬರೀಲಾ?" ಎಂದರು. ಇಬ್ಬರೂ ನಿರ್ದೇಶಕರ ಕೋಣೆಗೆ ಹೋದೆವು. ನಿರ್ದೇಶಕರು ಕಿಟಕಿ ಕಡೆ ನೋಡುತ್ತ, "ಮಾತಲ್ಲಿ ಬರೆಯೋಕಾಗದ ಬಣ್ಣನ ಬಿಟ್ಬಿಡಿ," ಎಂದರು. ಇಪ್ಪತ್ತೆರಡು ವರ್ಷದ ಕೆಂಪು ಎರಡು ನಿಮಿಷದಲ್ಲಿ ಹೋಯಿತು.

ಅರವತ್ತೆರಡಕ್ಕೆ ಉತ್ತರ ಕೊಟ್ಟೆ. ಉಳಿದದ್ದು ಒಂದು, ನಾನೂರ ಹನ್ನೆರಡನೇ ಸಾಲು. ಹೊಸ ಪಟ್ಟಿಯಲ್ಲಿ ಅದೇ ಮೊಟ್ಟಮೊದಲ ಹೆಸರು. ನನ್ನ ಪಟ್ಟಿಯಲ್ಲಿ ಹೆಸರೇ ಇಲ್ಲ. ಸಾಲಿನ ಮೊದಲ ಚೌಕಕ್ಕೆ ಮಾತ್ರ ಬಣ್ಣವಿದೆ: ಬೂದು.

"ಬೂದು ಅಂದ್ರೆ?"

"ಆಡಳಿತಾತ್ಮಕ ಕಾರಣ," ಎಂದೆ.

"ಅಂದ್ರೆ?"

ನಾಳೆ ಹೇಳುತ್ತೇನೆ ಎಂದೆ. ನನ್ನ ಆರು ಬಣ್ಣಗಳಲ್ಲಿ ಬೂದು ಇಲ್ಲ. ಬಣ್ಣವಿಲ್ಲದವರನ್ನು ತೆಗೆಯುವಾಗಲೂ, ಆರು ಬಣ್ಣಗಳನ್ನು ಆರಿಸುವಾಗಲೂ ಈ ಸಾಲು ನನ್ನ ಕಣ್ಣಿಗೇ ಬಿದ್ದಿಲ್ಲ.

ಗುರುವಾರ, ಮಾರ್ಚ್ 20

ನೆನಪಾಗಲಿಲ್ಲ. ಯಾಕಮ್ಮನಿಗೆ ತಲೆನೋವು ಎಂದೆ.

ಶುಕ್ರವಾರ, ಮಾರ್ಚ್ 21

ನೆನಪಾಗಲಿಲ್ಲ. ತಲೆನೋವು ನಿಜವಾಗಿಯೂ ಬಂತು.

ಗುರುವಾರ, ಮಾರ್ಚ್ 27

ಕಡತಗಳ ಕೋಣೆಗೆ ಹೋದೆ. ಒಂದೇ ಕಿಟಕಿ, ಅದಕ್ಕೂ ಕಪಾಟು ಅಡ್ಡ ಇಟ್ಟಿದ್ದಾರೆ. ನಾನೂರ ಹನ್ನೆರಡರ ಕಡತ ಸಿಕ್ಕಿತು. ಕೊನೆಯ ಬಸ್ ನಿಲ್ದಾಣದಿಂದಲೂ ಒಂದು ಗಂಟೆ ನಡೆಯಬೇಕಾದ ಆರೋಗ್ಯ ಉಪಕೇಂದ್ರ. ಅಲ್ಲಿ ಒಬ್ಬರು ನರ್ಸ್, ಒಬ್ಬಳು ಆಯಾ. ನರ್ಸ್ ಅಲ್ಲಿಗೆ ಹೋಗಿ ಹದಿನಾಲ್ಕು ವರ್ಷ. ಮೂರು ತುಂಬಿದ ಮೇಲೆ ವರ್ಷಕ್ಕೊಂದರಂತೆ ಹನ್ನೊಂದು ಅರ್ಜಿ.

ಮೊದಲನೆಯದು ಎರಡು ಪುಟ. ತಾಯಿ ಪಟ್ಟಣದಲ್ಲಿ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವರಿಲ್ಲ, ಪಟ್ಟಣದ ಆಸ್ಪತ್ರೆಗೆ ವರ್ಗ ಕೊಡಿ. ಎರಡನೆಯದು ಒಂದು ಪುಟ. ನಾಲ್ಕನೆಯದರಲ್ಲಿ ತಾಯಿ ತೀರಿಕೊಂಡ ಸುದ್ದಿ ಒಂದು ವಾಕ್ಯ, ಅದರ ಕೆಳಗೆ, "ಆದರೂ ವರ್ಗ ಕೊಡಬೇಕಾಗಿ ಕೋರಿಕೆ." ಕಳೆದ ವರ್ಷದ್ದು ಪೂರ್ತಿ ಒಂದೇ ಸಾಲು: "ಹಿಂದಿನ ಅರ್ಜಿಯನ್ನು ನೋಡುವುದು."

ಪ್ರತಿಯೊಂದಕ್ಕೂ ನಾವು ಉತ್ತರ ಕಳಿಸಿದ್ದೇವೆ. ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಹನ್ನೊಂದರಲ್ಲೂ ಅದೇ ವಾಕ್ಯ, ಕೆಳಗೆ ನನ್ನ ರುಜು. ರುಜು ಮಾತ್ರ ವರ್ಷದಿಂದ ವರ್ಷಕ್ಕೆ ಚೆಂದವಾಗಿದೆ.

ದೂರಿನ ಕಾಗದ ಒಂದೂ ಇಲ್ಲ. ಶಿಸ್ತುಕ್ರಮ ಇಲ್ಲ. ಎರಡು ಸಲ ಹುಡುಕಿದೆ. ಏನಾದರೂ ಸಿಗಲಿ ಎಂದು ಆಸೆಪಟ್ಟೆ.

ಮಂಗಳವಾರ, ಏಪ್ರಿಲ್ 1

ಹಳೆಯ ದಿನಚರಿಗಳು ಅಟ್ಟದ ಪೆಟ್ಟಿಗೆಯಲ್ಲಿದ್ದವು. ಮೊದಲ ಅರ್ಜಿ ಬಂದ ವರ್ಷದ್ದನ್ನು ತೆಗೆದೆ. ಅರ್ಜಿಯ ಮೇಲಿನ ಕಚೇರಿ ಮೊಹರಿನ ತಾರೀಖಿಗೆ ಪುಟ ತಿರುವಿದೆ. ಕೈಬರಹ ನನ್ನದೇ:

"ಕೊನೆ ಬಸ್ಸಿನ ನರ್ಸ್ ಅರ್ಜಿಗೆ ವೈದ್ಯರ ಪತ್ರ ಲಗತ್ತಿಸಿಲ್ಲ. ನಾಳೆ ಫೋನ್ ಮಾಡಿ ಕೇಳಬೇಕು. ಗುರುತಿಗೆ ಸದ್ಯಕ್ಕೆ ಬೂದು."

ಮುಂದಿನ ಪುಟ ಖಾಲಿ. ಅದರ ಮುಂದಿನದೂ ಖಾಲಿ. ಹದಿನಾರು ಪುಟ ಖಾಲಿ. ಆ ಸಂಜೆಯೇ ಭಾವ ಮೆಟ್ಟಿಲಿಳಿಯುತ್ತ ಕುಸಿದದ್ದು. ಅಕ್ಕ ಕಚೇರಿಗೆ ಫೋನ್ ಮಾಡಿದಾಗ ನಾನು ಪರದೆ ಆರಿಸುತ್ತಿದ್ದೆ.

ಹದಿನೇಳನೇ ದಿನದಿಂದ ಮತ್ತೆ ಬರೆದಿದ್ದೇನೆ. ಮಳೆ, ಬಾಡಿಗೆ ಮನೆಯ ಮೆಟ್ಟಿಲು ದುರಸ್ತಿ, ಹೊಸ ನಿರ್ದೇಶಕರು. ನರ್ಸ್‌ಗೆ ಮಾಡಬೇಕಿದ್ದ ಫೋನಿನ ಸುದ್ದಿ ಎಲ್ಲಿಯೂ ಇಲ್ಲ.

ಬುಧವಾರ, ಏಪ್ರಿಲ್ 2

ಟೈಪಿಸ್ಟ್‌ಗೆ ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು.

"ಇದಕ್ಕೆಲ್ಲ ಊಟ ಬಿಡ್ತಾರಾ ಸಾರ್? ಬೂದು ಅಳಿಸಿ, ಈ ಸಲದ ಪಟ್ಟಿಗೆ ಸೇರಿಸಿ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ಆಯಮ್ಮನಿಗೆ ಕೆಲಸ ಆದ್ರೆ ಸಾಕು, ಕಾರಣ ಯಾಕೆ? ನಿವೃತ್ತಿಗೆ ಆರು ತಿಂಗಳು ಇಟ್ಕೊಂಡು ವಿಚಾರಣೆ ಯಾಕೆ ಮೈಮೇಲೆ ಎಳ್ಕೋತೀರಿ?"

ಬುದ್ಧಿವಂತನ ಮಾತು. ಅಳಿಸಲು ಒಂದು ಗುಂಡಿ ಸಾಕು. ಯಾಕಮ್ಮ ಕೇಳಿದರೆ ಕೈತಪ್ಪಿ ಬಿದ್ದ ಬಣ್ಣ ಎನ್ನಬಹುದು. ಸಂಜೆಯವರೆಗೂ ಇದೇ ಯೋಚನೆ. ಯಾಕಮ್ಮ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಅವರು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಶುಕ್ರವಾರ, ಏಪ್ರಿಲ್ 4

ಫೋನ್ ಮಾಡಿದೆ.

ಅಳಿಸುವ ಮೊದಲು ಪಟ್ಟಣದ ಆಸ್ಪತ್ರೆ ಈಗಲೂ ಬೇಕೇ ಎಂದು ಕೇಳಿಬಿಡೋಣ, ಅಷ್ಟೇ ಸಾಕು ಎಂದುಕೊಂಡಿದ್ದೆ. ವರ್ಗಾವಣೆ ವಿಭಾಗದಿಂದ ಎಂದದ್ದೇ ತಡ, ಆ ಕಡೆಯಿಂದ, "ಯಾವ ಕಾಗದ ಬೇಕಿತ್ತು ಹೇಳಿ ಸಾರ್, ಇವತ್ತೇ ಕಳಿಸ್ತೀನಿ," ಎಂದರು. ಹನ್ನೊಂದು ವರ್ಷದ ಹಿಂದೆ ಮಾಡಿದ್ದರೂ ಇದೇ ಮಾತು ಹೇಳುತ್ತಿದ್ದರು.

ಆಗ ನನ್ನ ಬಾಯಿಂದ ನಿಜ ಬಂದುಬಿಟ್ಟಿತು. ಯಾವ ಕಾಗದವೂ ಬೇಕಿಲ್ಲ, ಗುರುತಿಗೆ ಒಂದು ಬಣ್ಣ ಹಾಕಿದ್ದೆ, ಆಮೇಲೆ ಮರೆತೆ ಎಂದೆ.

"ಹಾಗಾದ್ರೆ ಯಾರೂ ದೂರು ಕೊಟ್ಟಿರಲಿಲ್ವಾ?"

"ಇಲ್ಲ."

"ಆಯಾ?"

"ಇಲ್ಲ. ಕಡತದಲ್ಲಿ ಒಂದು ಚೀಟಿಯೂ ಇಲ್ಲ."

"ನನ್ನ ಹಿಂದೆ ಮುಂದೆ ಬಂದೋರೆಲ್ಲ ವರ್ಗ ಆಗಿ ಹೋದ್ರು ಸಾರ್. ನನಗೊಬ್ಬಳಿಗೆ ಇಲ್ಲ ಅಂದ್ರೆ ಯಾರೋ ಏನೋ ಬರ್ದಿದಾರೆ ಅಂತ ತಾನೇ? ಇಲ್ಲಿ ಇರೋರು ಇಬ್ರೇ. ಅವಳೇ ಅಂದ್ಕೊಂಡೆ. ಏಳು ವರ್ಷದಿಂದ ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿಲ್ಲ. ಅವಳ ಮಗಳ ಮದುವೆಗೂ ಹೋಗ್ಲಿಲ್ಲ."

ಪಟ್ಟಣಕ್ಕೆ ಈಗಲೂ ಬರುತ್ತೀರಾ ಎಂದು ಹೇಗೋ ಕೇಳಿದೆ. ತಾಯಿಯೇ ಇಲ್ಲ, ಇನ್ನೇಕೆ ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆಂದಿದ್ದರೆ ನನಗೆ ಹಗುರವಾಗುತ್ತಿತ್ತು.

"ಬರ್ತೀನಿ. ಯಾಕೆ ಬರಲ್ಲ? ಆದ್ರೆ ನೀವು ಈಗ ಹೇಳಿದ್ದನ್ನ ಬರೆದುಕೊಡಿ ಸಾರ್. ಯಾರೂ ದೂರು ಕೊಟ್ಟಿರಲಿಲ್ಲ ಅಂತ. ನನ್ನ ಬಾಯಲ್ಲಿ ಹೇಳಿದ್ರೆ ಅವಳು ನಂಬಲ್ಲ. ಅವಳಿಗೆ ತೋರಿಸ್ಬೇಕು."

ಬರೆದುಕೊಡುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಹೆದರಿಕೆಯಾಯಿತು.

ಭಾನುವಾರ, ಏಪ್ರಿಲ್ 6

ಹೊಸ ತಂತ್ರಾಂಶದಲ್ಲಿ ಬೂದು ಬಣ್ಣದ ಕೆಳಗೆ ಹಾಕಲು ಕರಡು ಬರೆದು ಅಕ್ಕನ ಮುಂದಿಟ್ಟೆ. ಅವಳು ಮೇಷ್ಟರಮ್ಮನ ಹಾಗೆಯೇ ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದಳು. "ಕುಟುಂಬದಲ್ಲಿ ಸಂಭವಿಸಿದ ಅನಿರೀಕ್ಷಿತ ಸಾವಿನ ಕಾರಣದಿಂದಾಗಿ" ಎಂಬಲ್ಲಿ ಪೆನ್ಸಿಲ್ ನಿಂತಿತು. ಅವಳಿಗೆ ಆ ತಾರೀಖು ಯಾರೂ ಹೇಳಿಕೊಡಬೇಕಿಲ್ಲ.

"ಅವತ್ತೇನಾ?"

"ಅವತ್ತೇ."

ಎದ್ದು ಹೋಗಿ ಒಲೆ ಮೇಲಿನ ನೀರು ಇಳಿಸಿ ಬಂದಳು. ಕಣ್ಣು ಒರೆಸಿಕೊಂಡಿದ್ದಳು. ಮಾತು ಮಾತ್ರ ಗಟ್ಟಿಯಾಗಿಯೇ ಇತ್ತು.

"ನನ್ನ ಗಂಡನ್ನ ಇದಕ್ಕೆ ಎಳೀಬೇಡ ಕಣೋ. ಪಾಪ, ಬದುಕಿದ್ದಾಗ ಯಾರ ಕೆಲಸಾನೂ ಕೆಡಿಸ್ದೋರಲ್ಲ. ನೀನು ರಜ ಹಾಕಿದ್ದು ಹದಿನಾರು ದಿನ. ಮಿಕ್ಕ ಹನ್ನೊಂದು ವರ್ಷ ಏನ್ ಮಾಡ್ತಿದ್ದೆ?"

"ಮರೆತಿದ್ದೆ."

"ಹಾಗಂತ ಬರಿ."

ಆ ವಾಕ್ಯವನ್ನು ಹೊಡೆದುಹಾಕಿದೆ. ಕರಡು ಅರ್ಧ ಪುಟದಿಂದ ನಾಲ್ಕು ಸಾಲಿಗೆ ಇಳಿಯಿತು. ಊಟವಾದ ಮೇಲೆ ಅಕ್ಕ ಹಳೆಯ ಕ್ಯಾಲೆಂಡರಿನ ಬೆನ್ನನ್ನು ಕತ್ತರಿಸಿ ಚೀಟಿ ಮಾಡಿಕೊಂಡು ಕೂತಳು. ಸಕ್ಕರೆ, ಉಪ್ಪು, ಸೋಡಾ ಎಂದು ದುಂಡಾಗಿ ಬರೆದಳು. ಅಂಟು ನಾನು ಹಚ್ಚಿಕೊಟ್ಟೆ.

ಸೋಮವಾರ, ಏಪ್ರಿಲ್ 7

ಯಾಕಮ್ಮನ ಪಕ್ಕ ಕೂತು ನಾನೇ ಟೈಪ್ ಮಾಡಿದೆ. ನಿಯಮಗಳ ಪುಟದಲ್ಲಿ ಹಳದಿ, ಹಸಿರು, ನೀಲಿಗಳ ಕೆಳಗೆ:

"ಬೂದು: ಇದು ನಿಯಮವಲ್ಲ. ಒಬ್ಬರ ಅರ್ಜಿಗೆ ಒಂದು ಕಾಗದ ಕೇಳಬೇಕೆಂದು ಗುರುತಿಗೆ ಹಾಕಿದ ಬಣ್ಣ. ಕೇಳಲಿಲ್ಲ, ಮರೆತೆ. ಇದರಿಂದ ಅವರಿಗೆ ಹನ್ನೊಂದು ವರ್ಷ ವರ್ಗ ಸಿಗಲಿಲ್ಲ. ಅವರ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ. ಮರೆತವರು: ವರ್ಗಾವಣೆ ವಿಭಾಗದ ಮೇಲ್ವಿಚಾರಕರು. ಈ ಬಣ್ಣವನ್ನು ತೆಗೆಯಲಾಗಿದೆ."

ಯಾಕಮ್ಮ ಎರಡು ಸಲ ಓದಿದರು. ನೆತ್ತಿಯ ಕನ್ನಡಕ ಇಳಿಸಿ ಹಾಕಿಕೊಂಡು ಮತ್ತೊಂದು ಸಲ ಓದಿದರು.

"ತೆಗೆದ ನಿಯಮನೂ ಇದರಲ್ಲಿ ಯಾವಾಗ್ಲೂ ಕಾಣ್ತಿರುತ್ತೆ ಸಾರ್. ಆಮೇಲೆ ಅಳಿಸೋಕಾಗಲ್ಲ. ಗೊತ್ತಲ್ವಾ?"

"ಗೊತ್ತು."

ಈ ಒಂದು ಸಲ ಅವರು ಯಾಕೆ ಎನ್ನಲಿಲ್ಲ. ಉಳಿಸುವ ಗುಂಡಿ ಎಲ್ಲಿದೆ ಎಂದು ನಾನೂ ಕೇಳಲಿಲ್ಲ.

ಗುರುವಾರ, ಏಪ್ರಿಲ್ 10

ನಿರ್ದೇಶಕರಿಂದ ನೋಟಿಸು. ಏಳು ದಿನದೊಳಗೆ ವಿವರಣೆ ಕೊಡಬೇಕು. ಒಂದೇ ವಾಕ್ಯ ಬರೆದೆ: "ಬೂದು ಬಣ್ಣದ ಕೆಳಗೆ ಬರೆದಿರುವುದೇ ನನ್ನ ವಿವರಣೆ." ನಿವೃತ್ತಿಯ ಕಡತವನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ. ಪರಿಶೀಲನೆಯಲ್ಲಿದೆಯಂತೆ.

ಗುರುವಾರ, ಏಪ್ರಿಲ್ 17

ನಿಯಮಗಳ ಪುಟ ನರ್ಸ್‌ಗಳ ನಡುವೆ ಓಡಾಡುತ್ತಿದೆ. ಬೆಳಿಗ್ಗೆಯಿಂದ ಫೋನ್ ಇಟ್ಟರೆ ಎತ್ತು, ಎತ್ತಿದರೆ ಇಡು. ಎಲ್ಲರದೂ ಒಂದೇ ಪ್ರಶ್ನೆ: "ನಂದು ಯಾವ ಬಣ್ಣ ಸಾರ್?" ಒಬ್ಬರಿಗೆ ಹಸಿರು ಎಂದೆ. ಗಂಡನನ್ನು ಬಿಟ್ಟು ನಾಲ್ಕು ವರ್ಷವಾಯಿತಂತೆ, ಆತನಿರುವ ಊರಿಗೇ ಯಾಕೆ ಹಾಕುತ್ತಲೇ ಇದ್ದೀರಿ ಎಂದು ಜೋರು ಮಾಡಿದರು. ನೀಲಿಯವರೊಬ್ಬರ ಮಾವ ಯಾವತ್ತೋ ಗುಣವಾಗಿದ್ದಾರೆ. ಹಳದಿಯ ಮಕ್ಕಳಲ್ಲಿ ಒಬ್ಬ ಹೈಸ್ಕೂಲು ಮುಗಿಸಿದ್ದಾನೆ. ಎಲ್ಲರ ಮನೆಯೂ ಗೊತ್ತಿದೆ ಎಂದುಕೊಂಡಿದ್ದೆ.

ಇಪ್ಪತ್ತೆಂಟು ಜನರದು ತಿದ್ದಿದೆ. ಟೈಪಿಸ್ಟ್ ಉಳಿದವರದು ನಾಳೆ ನೋಡೋಣ ಎಂದ. ನಾಳೆ ಯಾಕೆ ಎಂದು ಕೇಳಿದೆ. ಅವನು ಬೆಚ್ಚಿ ನೋಡಿದ. "ನೀವೂ ಶುರು ಮಾಡಿದ್ರಾ ಸಾರ್?" ಎಂದ. ಏನು ಶುರು ಮಾಡಿದೆನೋ ಅವನಿಗೇ ಗೊತ್ತು.

ಬುಧವಾರ, ಏಪ್ರಿಲ್ 30

ಹಳೆಯ ತಂತ್ರಾಂಶಕ್ಕೆ ಇವತ್ತು ಕೊನೆಯ ದಿನ. ಮಧ್ಯಾಹ್ನ ಹಳೆಯ ಯಂತ್ರಗಳನ್ನು ಒಯ್ಯಲು ಜನ ಬರುವವರಿದ್ದರು. ಅದಕ್ಕೆ ಅರ್ಧ ಗಂಟೆ ಮುಂಚೆ ಒಬ್ಬರು ಹೆಂಗಸು ಬಾಗಿಲಲ್ಲಿ ನಿಂತು ವರ್ಗಾವಣೆ ಆದೇಶ ತೆಗೆದುಕೊಳ್ಳಲು ಬಂದಿದ್ದೇನೆ ಎಂದರು. ದನಿ ಕೇಳಿದ ಕೂಡಲೇ ಎದ್ದು ನಿಂತೆ. ತಲೆ ಅರ್ಧ ನರೆತಿತ್ತು. ಕಡತದ ಭಾವಚಿತ್ರದಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ.

ಕುರ್ಚಿ ಕೊಟ್ಟೆ. ಆದೇಶ ಕೊಟ್ಟೆ. ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಮಡಿಸಿ, ಚೀಲಕ್ಕೆ ಹಾಕಿಕೊಂಡರು. ತಪ್ಪಾಯಿತು ಎಂದೆ. ಅವರು ಚೀಲದ ಬಾಯಿ ಮುಚ್ಚಿದರು.

"ಆಯಾಗೆ ತೋರಿಸಿದ್ರಾ?" ಎಂದು ಕೇಳಿದೆ.

"ಆ ಪುಟನ ಫೋನಲ್ಲೇ ತೋರಿಸಿ ಓದಿಸಿದೆ. ಏಳು ವರ್ಷಕ್ಕೆ ಬರೀ ನಾಲ್ಕು ಸಾಲಾ ಅಂದ್ಲು. ಎರಡು ದಿನ ಮುಖ ತಿರುಗಿಸ್ಕೊಂಡಿದ್ಲು. ಆಮೇಲೆ ಬಂದು ಮಾತಾಡಿದ್ಲು. ಈಗ ಬಾಯಿ ಮುಚ್ಚಲ್ಲ. ಬಸ್ಸಿನ ತನಕ ಬಂದು ಅತ್ಲು." ಚೀಲ ಹೆಗಲಿಗೇರಿಸುತ್ತ ಅಂದರು, "ಅವಳು ಮಾತಾಡೋಕೆ ಶುರು ಮಾಡಿದ್ಮೇಲೆ ನಾನು ಹೊರಟಿದೀನಿ ನೋಡಿ."

ಅವರು ಎದ್ದರು. ಹೋಗುತ್ತಾರೆ ಎಂದುಕೊಂಡೆ. ಬದಲಿಗೆ ನನ್ನ ಮೇಜಿನ ಈಚೆಗೆ ಬಂದರು.

"ಆ ಬೂದು ಇನ್ನೂ ಇದೆಯಾ ಸಾರ್? ತೋರಿಸ್ತೀರಾ?"

ಹಳೆಯ ಯಂತ್ರದಲ್ಲಿ ಹಳೆಯ ಪಟ್ಟಿ ತೆರೆದು ಅವರ ಸಾಲಿಗೆ ಹೋದೆ. ಅವರು ಬಗ್ಗಿ ನೋಡಿದರು. ಸುತ್ತ ಹಳದಿ, ಹಸಿರು, ನೀಲಿ ಸಾಲುಗಳು. ನಡುವೆ ಬಣ್ಣ ಹೌದೋ ಅಲ್ಲವೋ ಎಂಬಂಥ ಒಂದು ಚೌಕ. ಅವರು ಕಿರುಬೆರಳನ್ನು ಪರದೆಯ ಮೇಲಿಟ್ಟರು. ಉಗುರಿನ ಕೆಳಗೆ ಅದು ಪೂರ್ತಿ ಮುಚ್ಚಿಹೋಯಿತು.

"ಇಷ್ಟೇನಾ?"

"ಇಷ್ಟೇ," ಎಂದೆ.

ಅವರು ಬೆರಳು ತೆಗೆಯಲಿಲ್ಲ. ಯಂತ್ರ ಒಯ್ಯುವವರು ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದರು. ಸ್ವಲ್ಪ ಕಾಯಿರಿ ಎಂದು ಅವರಿಗೆ ಕೈಸನ್ನೆ ಮಾಡಿದೆ.